ಸಂಬಂಧ: ಯಾರೂ ಅಲ್ಲ

ವಾಗ್ಳೆ ಎಸ್ಟೇಟ್, ಠಾಣೆ
೧೪ ಸೆಪ್ಟೆಂಬರ್ ೨೦೨೫, ಭಾನುವಾರ

ಪ್ರೀತಿಯ ಅವ್ವಾ,

ನಿನ್ನ ಕಾಲು ಮುಟ್ಟಿ ನಮಸ್ಕಾರ. ಮೊಣಕಾಲು ನೋವು ಹೇಗಿದೆ? ನಿನ್ನ ಅಳಿಯ ಕಳಿಸಿದ ಎಣ್ಣೆಯನ್ನು ನೀನು ಹಚ್ಚಿಕೊಳ್ಳುತ್ತಿದ್ದೀಯೋ, ಇಲ್ಲ ಸುಲೋಚನಾ ಚಿಗವ್ವನ ಕಾಲಿಗೆ ತಿಕ್ಕುತ್ತಿದ್ದೀಯೋ? ಕಣ್ಣಿಗೆ ಹಾಕುವ ಔಷಧಿ ಮುಗಿದಿದ್ದರೆ ತಂಗಿ ಬಾಗಿಯ ಕೈಲಿ ಹೇಳಿಸು. ಫೋನಿನಲ್ಲಿ ಕೇಳಿದರೆ ನೀನು "ಆರಾಮ ಅದೀನಿ" ಎಂದು ಎರಡೇ ಮಾತಾಡಿ ಫೋನನ್ನು ಅವಳ ಕೈಗೆ ದಾಟಿಸುತ್ತೀ. ನೀನು ಚಿತ್ತಾಪುರಕ್ಕೆ ಹೋಗಿ ಐದು ತಿಂಗಳಾಯಿತು, ಇಬ್ಬರ ನಡುವೆ ಐದು ನಿಮಿಷದ ಮಾತೂ ಆಗಿಲ್ಲ. ಅದಕ್ಕೇ ಈ ಕಾಗದ. ಬಾಗೀ, ನಿನ್ನ ದೊಡ್ಡವ್ವನ ಬಲಗಿವಿಯ ಕಡೆ ಕೂತು ಜೋರಾಗಿ ಓದು, ಎಡಗಿವಿ ಮಂದ. ನಾನು ಬೈಯುವ ಕಡೆ ಬಂದಾಗ ನಗಬೇಡ, ನಿಜವಾಗಿಯೂ ಸಿಟ್ಟಿನಲ್ಲಿದ್ದೇನೆ.

ಆಪ್ತಸಮಾಲೋಚಕಿಯ ಲೈಸೆನ್ಸ್ ಬರಲಿಲ್ಲ ಅವ್ವಾ. ಫೈಲು ವಾಪಸ್ ಬಂತು. ಎರಡು ವರ್ಷ ಎಂ.ಎ., ಆಮೇಲೆ ಒಂದು ವರ್ಷ ಡಿಪ್ಲೊಮಾ, ಆಮೇಲೆ ಭಾನುವಾರ ಭಾನುವಾರ ಈ ದವಾಖಾನೆಯ ಹಿಂದಿನ ಕೋಣೆಯಲ್ಲಿ ಕೂತು ನಮ್ಮ ಕಡೆಯ ಮಂದಿಯ ಮಾತು ಕೇಳಿದ್ದು, ಎಲ್ಲ ಸೇರಿ ಒಂದು ಕಂದು ಬಣ್ಣದ ಲಕೋಟೆಯಲ್ಲಿ ಅಂಚೆಯವನ ಕೈಯಿಂದ ಬಂದು ಬಾಗಿಲಲ್ಲಿ ಬಿತ್ತು. ನಾನು ಓದಿಲ್ಲ ಎಂದು ವಾಪಸ್ ಕಳಿಸಿದ್ದರೆ ಸುಮ್ಮನಿರುತ್ತಿದ್ದೆ. ನಾನು ನನ್ನ ಬಂಧುಬಳಗಕ್ಕೇ ಸಮಾಲೋಚನೆ ಮಾಡಿ ತಾಸಿನ ಲೆಕ್ಕ ತುಂಬಿಸಿದ್ದೇನಂತೆ. ನನ್ನ ಹತ್ತಿರ ಬಂದ ಇಪ್ಪತ್ತಮೂರು ಮಂದಿಯೂ ನನ್ನ ಬಂಧುಗಳಂತೆ. ಓದಿ ಮೊದಲು ನಕ್ಕೆ. ಆಮೇಲೆ ಲಕೋಟೆಯನ್ನು ನೆಲಕ್ಕೆ ಎಸೆದೆ. ಆಮೇಲೆ ನಾನೇ ಎತ್ತಿಕೊಂಡೆ, ಇನ್ಯಾರು ಎತ್ತಬೇಕು.

ಆದದ್ದು ಹೀಗೆ. ಬಂದವರಿಂದ ಒಂದು ಒಪ್ಪಿಗೆ ಪತ್ರ ಬರೆಸಿಕೊಳ್ಳಬೇಕು. ಅದರಲ್ಲಿ 'ಸಮಾಲೋಚಕರಿಗೂ ನಿಮಗೂ ಏನು ಸಂಬಂಧ' ಎಂದು ಒಂದು ಕಾಲಂ. ಬಂದವರ ಮಾತನ್ನು ಬಂದವರ ಮಾತಿನಲ್ಲೇ ಬರೆಯಬೇಕು, ನಮ್ಮದನ್ನು ಸೇರಿಸಬಾರದು ಎಂದು ಕ್ಲಾಸಿನಲ್ಲಿ ಅರೆದು ಕುಡಿಸಿದ್ದರು. ನಾನು ಹಾಗೇ ಮಾಡಿದೆ. ಸಂಬಂಧ ಏನು ಎಂದು ಕೇಳಿದರೆ ನಮ್ಮ ಮಂದಿ ಏನು ಹೇಳುತ್ತಾರೆ? ಸಿಮೆಂಟಿನ ಗೋದಾಮಿನಲ್ಲಿ ಚೀಲ ಹೊರುವ ಕುಶಲ "ಅಕ್ಕ ಅಂತ ಬರೀರಿ" ಅಂದ. ಹುಲಗಪ್ಪಣ್ಣ "ತಂಗಿ ಆಗಬೇಕು ಅಂತ ಹಾಕವಾ" ಅಂದ. ನಾಲ್ಕು ಮಂದಿ ಹಿರಿಯ ಹೆಂಗಸರು 'ಮಗಳು' ಎಂದು ಬರೆಸಿದರು. ಗಿರಾಕಿ ಎಂದು ಬರೆಸಲು ಅವರು ಕಿರಾಣಿ ಅಂಗಡಿಗೆ ಬಂದಿರಲಿಲ್ಲವಲ್ಲ. ನಾನೂ ಖುಷಿಯಿಂದ ಬರೆದುಕೊಂಡೆ. ಠಾಣೆ ಕೋರ್ಟಿನ ಎದುರು ಕೂರುವ ಟೈಪಿಸ್ಟ್ ಅದನ್ನೆಲ್ಲ ಇಂಗ್ಲಿಷಿಗೆ ಮಾಡಿ ಮೊಹರಿನ ಸಿಕ್ಕಾ ಹೊಡೆದುಕೊಟ್ಟ. ಅವನ ತಪ್ಪೂ ಇಲ್ಲ. ತಂಗಿಗೆ ತಂಗಿ ಎಂದೇ ಬರೆದ.

ಬಂಧುಗಳಿಗೆ ಸಮಾಲೋಚನೆ ಮಾಡಬಾರದು ಎಂಬ ನಿಯಮ ಕೆಟ್ಟದ್ದಲ್ಲ ಅವ್ವಾ. ಸ್ವಂತದವರ ಮಾತನ್ನು ನಾವು ನೆಟ್ಟಗೆ ಕೇಳುವುದಿಲ್ಲ, ನಡುವೆ ನಮ್ಮ ಸ್ವಾರ್ಥ ಬರುತ್ತದೆ. ಆದರೆ ಇದನ್ನು ಲೈಸೆನ್ಸ್ ಕೊಡುವ ಮಂಡಳಿಯವರಿಗೆ ಹೇಳೋಣವೆಂದರೆ ಫೋನು ಎತ್ತುವವರು ಯಾರು? ಮೂರು ದಿನ ಪ್ರಯತ್ನಿಸಿದ ಮೇಲೆ ಒಬ್ಬ ಹೆಣ್ಣುಮಗಳು ಎತ್ತಿದಳು. ಕೆಟ್ಟವಳಲ್ಲ, ದಣಿದಿದ್ದಳು. "ಮೇಡಂ, ಆಪ್ ಸಬ್ ಕೀ ಬೆಹನ್ ಕೈಸೇ ಹೋ ಸಕ್ತೀ ಹೈಂ?" ಎಂದಳು. ಎಲ್ಲರಿಗೂ ತಂಗಿಯಾಗುವುದು ಹೇಗೆ ಸಾಧ್ಯ ಎಂದು. ನಮ್ಮ ಸಾಲುಮನೆಯ ಚಾಳಿನಲ್ಲಿ ಒಂದು ದಿನ ಇದ್ದು ನೋಡಿದ್ದರೆ ಕೇಳುತ್ತಿರಲಿಲ್ಲ. ಕೊನೆಗೆ ಅವಳು ಹೇಳಿದ್ದು ಇಷ್ಟು. ಇಪ್ಪತ್ತಮೂರು ಮಂದಿಯಿಂದಲೂ ಹೊಸ ಹಾಳೆ ಬರೆಸಿಕೊಳ್ಳಬೇಕು, ಸಂಬಂಧದ ಕಾಲಮ್ಮಿನಲ್ಲಿ 'ಯಾರೂ ಅಲ್ಲ' ಎಂದು ಬರೆಸಿ ಸಹಿ ಇಲ್ಲವೇ ಹೆಬ್ಬೆಟ್ಟು ಹಾಕಿಸಬೇಕು. ಜೊತೆಗೆ ಇವರಲ್ಲಿ ಯಾರೂ ನನ್ನ ಬಂಧುಗಳಲ್ಲ ಎಂದು ನಾನೊಂದು ಪ್ರಮಾಣಪತ್ರ ಕೊಡಬೇಕು. ಬರುವ ಶುಕ್ರವಾರವೇ ಕಡೆಯ ದಿನ.

ನನ್ನ ಕೆಲಸವನ್ನು ನೋಡಿಕೊಳ್ಳುವ ಶ್ರೀವಾಣಿ ಮೇಡಂ ನಿನಗೆ ಗೊತ್ತು. ಹೆಸರು ಗೊತ್ತು, ಮುಖ ಗೊತ್ತಿಲ್ಲ, ಯಾಕೆಂದರೆ ಅವರ ಮನೆ ಖಾರಘರದಲ್ಲಿ, ಖಾರಘರ ಎಂದರೆ ನೀನು ಮುಖ ತಿರುಗಿಸುತ್ತಿದ್ದೆ. ಉಡುಪಿ ಕಡೆಯವರು, ಡೊಂಬಿವಲಿಯಲ್ಲಿ ಹುಟ್ಟಿದವರು. ಕನ್ನಡ ತಿಳಿಯುತ್ತದೆ, ಬಾಯಿಗೆ ಬರುವುದು ಮಾತ್ರ ಇಂಗ್ಲಿಷ್. ನಾನು ಮಂದಿಯ ಮಾತು ಕೇಳಿದ ತಾಸುಗಳಿಗೆ ಸಹಿ ಹಾಕಿದವರು ಅವರೇ, ಈ ಕಾಲಂ ಮಾತ್ರ ಅವರೂ ನೋಡಿರಲಿಲ್ಲ. ಪಾಪ, ಪ್ರಮಾಣಪತ್ರವನ್ನು ತಾವೇ ಟೈಪ್ ಮಾಡಿ ಕಳಿಸಿದ್ದಾರೆ, ನಾನು ಸಹಿ ಹಾಕಿದರೆ ಮುಗಿಯಿತು. ನಾನ್ನೂರು ತಾಸು ಆಗಬೇಕು, ನನ್ನದು ನಾನ್ನೂರಾ ಆರು ಆಗಿದೆ, ಹೆದರಬೇಡ ಎಂದರು.

ಹಾಳೆ ಹಿಡಿದು ಹತ್ತು ದಿನ ತಿರುಗಿದೆ. ಕಲ್ಯಾಣ, ಡೊಂಬಿವಲಿ, ಐರೋಲಿ, ಕೆಲಸ ಬದಲಾದವರು ಎಲ್ಲೆಲ್ಲಿ ಹೋಗಿದ್ದಾರೋ ಅಲ್ಲೆಲ್ಲ. ಮಳೆಯಲ್ಲಿ ಹಾಳೆ ನೆನೆಯದಂತೆ ಹೊಟ್ಟೆಗೆ ಕಟ್ಟಿಕೊಂಡು ಲೋಕಲ್ ಹತ್ತಿದೆ. ನಮ್ಮ ಮಂದಿಗೆ ಕಾಗದ ಎಂದರೆ ಭಯ, ನಿನಗೆ ಗೊತ್ತೇ ಇದೆ. ಕಾಗದ ಬಂತೆಂದರೆ ಕೆಲಸ ಹೋಯಿತು ಇಲ್ಲವೇ ಗುಡಿಸಲು ಹೋಯಿತು ಎಂದೇ ಲೆಕ್ಕ. ಮೊದಲ ಸಲ ಅವರು ಹೆದರದೆ ಸಹಿ ಹಾಕಿದ್ದು ತಂಗಿಯ ಕಾಗದ ಎಂದು. ಈಗ ಅದೇ ತಂಗಿ ಬಂದು, ನಾನು ಯಾರೂ ಅಲ್ಲ ಎಂದು ಬರೆದುಕೊಡಿ ಎನ್ನುತ್ತಿದ್ದಾಳೆ. ಕೆಲವರು ನಕ್ಕು ಸಹಿ ಹಾಕಿದರು. ಕುಶಲನ ಹೆಂಡತಿ ಚಹಾ ಕೊಟ್ಟು, ಗಂಡ ಸಹಿ ಹಾಕಿದ ಮೇಲೆ ಕಪ್ಪು-ಬಸಿ ಎತ್ತಿಕೊಂಡು ಒಳಗೆ ಹೋದವಳು ಮತ್ತೆ ಹೊರಗೆ ಬರಲಿಲ್ಲ. ಇಪ್ಪತ್ತೊಂದು ಹಾಳೆ ಆದವು. ಎರಡು ಉಳಿದವು.

ಅದರಲ್ಲಿ ಒಂದು ಹುಲಗಪ್ಪಣ್ಣನದು. ರಾಯಚೂರು ಕಡೆಯವನು, ಘಣಸೋಲಿಯ ಹೊಸ ಟವರಿನಲ್ಲಿ ಸೆಂಟ್ರಿಂಗ್ ಕೆಲಸ. ಅವನ ಜೊತೆಗಾರ ಹದಿನಾಲ್ಕನೆಯ ಮಾಳಿಗೆಯಿಂದ ಇವನ ಕಣ್ಣೆದುರೇ ಬಿದ್ದು ಸತ್ತ. ಆಮೇಲೆ ಇವನಿಗೆ ಏಣಿಯ ಮೂರನೆಯ ಮೆಟ್ಟಿಲಿನಿಂದ ಮೇಲೆ ಹತ್ತಲು ಆಗುತ್ತಿರಲಿಲ್ಲ, ಊಟ ಸೇರುತ್ತಿರಲಿಲ್ಲ. ಒಂದು ವರ್ಷ ಭಾನುವಾರ ತಪ್ಪಿಸದೆ ಬಂದ. ಮೊದಲ ಎರಡು ತಿಂಗಳು ಬರೀ ನೆಲ ನೋಡುತ್ತಿದ್ದವನು ಈಚೆಗೆ ಆರನೆಯ ಮಾಳಿಗೆಯವರೆಗೆ ಹತ್ತುತ್ತಿದ್ದ. ನಾನು ಅವನ ಮುಂದೆ ಹಾಳೆ ಇಟ್ಟು ವಿಷಯ ಹೇಳಿದೆ. ಅವನಿಗೆ ಓದಲು ಬರುವುದಿಲ್ಲ, ಆದರೂ ಹಾಳೆಯನ್ನು ತಿರುಗಿಸಿ ಎರಡೂ ಬದಿ ನೋಡಿದ. ಆಮೇಲೆ ಅಂದ: "ಹೆಬ್ಬಟ್ಟ ಒತ್ತತೀನಿ, ತಾ. ನಿನ್ನ ಕೆಲಸ ಆಗಲಿ. ಆದ್ರ ಬರೂ ಐತವಾರ ನಾ ಬರಂಗಿಲ್ಲ. ಯಾರೂ ಅಲ್ಲದವರ ಮುಂದ ಗಂಡಸು ಹೆಂಗ ಅಳಬೇಕವಾ?"

ಇಂಕಿನ ಡಬ್ಬಿ ಮುಚ್ಚಿದೆ, ಹಾಳೆ ಮಡಚಿ ಚೀಲಕ್ಕೆ ಹಾಕಿಕೊಂಡೆ. ಬೇಡ ಅಣ್ಣ, ಹಳೆಯದೇ ಇರಲಿ, ನೀನು ಬಾ ಎಂದೆ. ಹೂಂ ಅಂದ. ಇವತ್ತು ಭಾನುವಾರ. ಬೆಳಗ್ಗೆ ಒಂಬತ್ತರಿಂದ ಕೂತಿದ್ದೇನೆ, ಈಗ ಹನ್ನೆರಡೂವರೆ. ಹುಲಗಪ್ಪಣ್ಣನೂ ಬಂದಿಲ್ಲ, ನಕ್ಕು ಸಹಿ ಹಾಕಿದವರೂ ಬಂದಿಲ್ಲ. ಖಾಲಿ ಕುರ್ಚಿಗಳ ಮುಂದೆ ಕೂತು ನಿನಗೆ ಬರೆಯುತ್ತಿದ್ದೇನೆ. ಲೈಸೆನ್ಸ್ ಸಿಗಬೇಕೆಂದು ಹೋಗಿ ಇದ್ದ ಮಂದಿಯನ್ನೂ ಕಳೆದುಕೊಂಡೆ. ಯಾರ ಮೇಲೆ ಸಿಟ್ಟು ಮಾಡಲಿ ಹೇಳು. ಮಂಡಳಿಯ ಮೇಲೆ ಮಾಡಿದೆ, ಟೈಪಿಸ್ಟನ ಮೇಲೆ ಮಾಡಿದೆ, ನಿನ್ನೆ ಉಪ್ಪು ಕಡಿಮೆ ಅಂದದ್ದಕ್ಕೆ ನಿನ್ನ ಅಳಿಯನ ಮೇಲೂ ಮಾಡಿದೆ. ಅವರು ಉಂಡು ಕೈ ತೊಳೆದುಕೊಂಡು ಅಂದರು: "ಊರ ಮಂದಿಗೆಲ್ಲ ತಂಗಿ ಆಗಿ, ಮನಿಯವರಿಗಷ್ಟ ಮೇಡಂ ಆಗೀದಿ." ತಮಾಷೆಗೆ ಅಂದದ್ದು. ನಾನು ಮಾತ್ರ ತಾಟು ಸರಿಸಿ ಎದ್ದೆ.

ಹುಲಗಪ್ಪಣ್ಣನ ಹಳೆಯ ಹಾಳೆಯನ್ನೇ ಕಳಿಸುತ್ತೇನೆ. ನಮ್ಮಲ್ಲಿ ನಂಬಿದವರನ್ನು ಹೀಗೇ ಕರೆಯುತ್ತಾರೆ, ಹೀಗೆ ಕರೆಯುವವರೆಗೆ ಮನಸ್ಸಿನ ಮಾತು ಹೊರಗೆ ಬರುವುದಿಲ್ಲ ಎಂದು ಎರಡು ಪುಟ ಬರೆದು ಲಗತ್ತಿಸಿದ್ದೇನೆ. ಒಪ್ಪಿದರೆ ಒಪ್ಪಲಿ. ಸಂಜೆ ಘಣಸೋಲಿಗೆ ಹೋಗಿ ಅವನನ್ನು ನೋಡಿಕೊಂಡು ಬರುತ್ತೇನೆ, ಅದು ತಾಸಿನ ಲೆಕ್ಕಕ್ಕೆ ಸೇರದಿದ್ದರೂ ಸರಿ.

ಚಿಗವ್ವನಿಗೆ ನಮಸ್ಕಾರ ಹೇಳು. ಬಾಗಿಯ ನರ್ಸಿಂಗ್ ಅರ್ಜಿ ಏನಾಯಿತು ಬರೆಸು, ಫಾರ್ಮಿನಲ್ಲಿ ಪ್ರತಿ ಕಾಲಂ ಎರಡು ಸಲ ಓದಲಿ. ನಿನ್ನ ಆಶೀರ್ವಾದ ನನ್ನ ಮೇಲಿರಲಿ, ಸಿಟ್ಟು ಇದ್ದರೂ ಇರಲಿ, ಆದರೆ ಹೊತ್ತಿಗೆ ಸರಿಯಾಗಿ ಉಣ್ಣು.

ನಿನ್ನ ಮಗಳು,
ಕಾಂಚನಾ

ತಾ.ಕ.: ಬಾಗೀ, ಇಲ್ಲಿಗೆ ನಿಲ್ಲಿಸು. ಇಲ್ಲಿಂದ ಮುಂದಿನದನ್ನು ಅವ್ವನ ಕೈಗೆ ಕೊಟ್ಟು ನೀನು ಹೊರಗೆ ಹೋಗು. ದೊಡ್ಡ ಅಕ್ಷರದಲ್ಲಿ ಬರೆದಿದ್ದೇನೆ. ನಾನು ನಾಲ್ಕನೆಯ ಇಯತ್ತೆಯಲ್ಲಿದ್ದಾಗ ನಾನೇ ಕಲಿಸಿದ ಅಕ್ಷರ, ಕೂಡಿಸಿ ಕೂಡಿಸಿ ಓದುತ್ತಾಳೆ.

ಅವ್ವಾ, ಉಳಿದ ಎರಡನೆಯ ಹಾಳೆ ನಿನ್ನದು. 'ಮಗಳು' ಎಂದು ಬರೆಸಿದ ನಾಲ್ವರಲ್ಲಿ ಒಬ್ಬಳು ನೀನು. ಹೋಳಿ ಹಬ್ಬಕ್ಕೆ ಎಲ್ಲರೂ ಊರಿಗೆ ಹೋಗಿ ನನಗೆ ಐದು ತಾಸು ಕಡಿಮೆ ಬಿದ್ದಾಗ, ನೀನು ಮೊದಲ ಸಲ ದಿಲೀಪಣ್ಣನ ಹೆಸರು ಎತ್ತಿದೆ. ಖಾರಘರದ ಸೈಟು, ನೀರಿನ ಟಾಕಿ, ಅದರಲ್ಲಿ ಮುಳುಗಿದ ನಿನ್ನ ನಾಲ್ಕು ವರ್ಷದ ಮಗ. ಮೂವತ್ತು ವರ್ಷ ನೀನು ಯಾರಿಗೂ ಹೇಳದ್ದು. ಮೊದಲ ದಿನ ನಾನು ಮಗಳಾಗಿ ಕೇಳಿದೆ. ಎರಡನೆಯ ದಿನ ಬರೆದುಕೊಳ್ಳಲು ವಹಿ ಹಿಡಿದು ಕೂತೆ. ಕಾಗದಕ್ಕೆ ಹೆಬ್ಬೆಟ್ಟು ಕೇಳಿದಾಗ ನೀನು ಯಾಕೆ ಎಂದು ಕೇಳದೆ ಸಹಿಯನ್ನೇ ಹಾಕಿದೆ, ಮಗಳ ಕಾಗದ ಎಂದು. ಹನ್ನೊಂದು ತಾಸು ಬರೆದುಕೊಂಡೆ. ಮತ್ತೊಬ್ಬ ಮುದುಕಿ ಎಂದು ಹೇಳಿ ಶ್ರೀವಾಣಿ ಮೇಡಮ್ಮಿಗೆ ಫೋನಿನಲ್ಲಿ ಇಂಗ್ಲಿಷಿನಲ್ಲಿ ಓದಿ ಹೇಳುತ್ತಿದ್ದೆ. ನೀನು ಅಡಿಗೆಮನೆಯಲ್ಲಿದ್ದೆ. ನಿನಗೆ ಇಂಗ್ಲಿಷ್ ಬಾರದು. ದಿಲೀಪ ಎಂಬುದು ಮಾತ್ರ ತಿಳಿಯಿತು. ಮರುವಾರ ಕಲ್ಯಾಣ ಸ್ಟೇಷನ್ನಿನಲ್ಲಿ ರೈಲು ಹತ್ತುವಾಗ ನೀನು "ಬರಕೊಳ್ಳೂದು ಮುಗೀತಿಲ್ಲೋ?" ಎಂದೆ. ನಾನು ಕೇಳಿಸದವಳಂತೆ ನಿನ್ನ ಚೀಲ ಎತ್ತಿ ಒಳಗಿಟ್ಟೆ. ಮೊಣಕಾಲಿನ ನೋವಿಗೆ ನೀನು ಹೋದದ್ದಲ್ಲ ಎಂದು ನನಗೆ ಆವತ್ತೇ ಗೊತ್ತಿತ್ತು.

ಮಂಡಳಿಯವರಿಗೆ ಇದು ಎಂದೂ ಗೊತ್ತಾಗುವುದಿಲ್ಲ. ಇಪ್ಪತ್ತೆರಡು ಸುಳ್ಳು ಬಂಧುಗಳ ನಡುವೆ ಒಬ್ಬಳು ನಿಜವಾದವಳು ಅಡಗಿದ್ದಾಳೆ. ನಿನ್ನಿಂದ 'ಯಾರೂ ಅಲ್ಲ' ಎಂದು ಬರೆಸಿಕೊಂಡರೆ ಶುಕ್ರವಾರ ಎಲ್ಲ ಮುಗಿದುಹೋಗುತ್ತಿತ್ತು. ಆಗಲಿಲ್ಲ ಅವ್ವಾ. ನಿನ್ನೆ ಶ್ರೀವಾಣಿ ಮೇಡಮ್ಮಿಗೆ ಎಲ್ಲ ಹೇಳಿದೆ, ಬೈದರು, ಬೈಯಬೇಕಾದ್ದೇ. ನಿನ್ನ ತಾಸು ತೆಗೆದರೆ ಮುನ್ನೂರ ತೊಂಬತ್ತೈದು, ಅರ್ಜಿ ಕೊಟ್ಟ ಮೇಲಿನ ತಾಸು ಲೆಕ್ಕಕ್ಕೆ ಬರುವುದಿಲ್ಲ. ಲೈಸೆನ್ಸ್ ಈ ವರ್ಷ ಇಲ್ಲ.

ನಿನ್ನ ಹಾಳೆಗಳು ಇದೇ ಲಕೋಟೆಯಲ್ಲಿವೆ, ನಕಲು ಇಟ್ಟುಕೊಂಡಿಲ್ಲ. ಒಲೆಗೆ ಹಾಕು, ಇಟ್ಟುಕೋ, ನಿನ್ನಿಷ್ಟ. ದೀಪಾವಳಿಗೆ ಬಾ. ದಿಲೀಪಣ್ಣನ ಮಾತು ಅರ್ಧಕ್ಕೇ ನಿಂತಿದೆ. ನಾನು ರೊಟ್ಟಿ ಬಡಿಯುತ್ತಾ ಕೇಳುತ್ತೇನೆ, ಎರಡೂ ಕೈಗೆ ಹಿಟ್ಟು ಹತ್ತಿರುತ್ತದೆ, ಬರೆದುಕೊಳ್ಳಲು ಆಗುವುದಿಲ್ಲ.