ನಾಲ್ಕು ಮುದಿಗೂಬೆಗಳ ಅಂಚು

ಬೈಂಡಿಂಗ್ ಅಂಗಡಿ, ಕಟಿಂಗ್ ಯಂತ್ರದ ಪಕ್ಕದ ಸ್ಟೂಲು
ಮಂಗಳವಾರ, ಹನ್ನೆರಡನೇ ತಾರೀಕು, ಮಧ್ಯಾಹ್ನ

ಪ್ರೀತಿಯ ಅಮ್ಮಾ,

ಹೇಗಿದ್ದೀಯ? ಅಕ್ಕನ ಮನೆಯ ನೀರು ಒಗ್ಗಿತೇ? ಮೊಣಕಾಲು ಏನನ್ನುತ್ತದೆ? ಹೊರಡುವ ಮುಂಚೆ ಒಲೆಯ ಮೇಲಿನ ಪಾತ್ರೆಯನ್ನು ಬರಿಗೈಯಲ್ಲಿ ಇಳಿಸಿ ಬೆರಳಿಗೆ ಬೊಬ್ಬೆ ತರಿಸಿಕೊಂಡಿದ್ದೆಯಲ್ಲ, ಅದು ಮಾಯಿತೇ? ಅಲ್ಲಿ ಆ ಸಾಹಸ ಬೇಡ. ಭಾವ ಸೂಕ್ಷ್ಮದ ಮನುಷ್ಯ, ನೋಡಿದರೆ ಅವರ ಕೈಗೇ ಬೊಬ್ಬೆ ಬಂದೀತು. ನಾನು ಕ್ಷೇಮ. ಆದರೆ ನಿನ್ನ ಮುಂದೆ ಒಂದು ತಪ್ಪೊಪ್ಪಿಗೆ ಬಾಕಿಯಿದೆ. ಸಂಗತಿಯನ್ನು ಫೋನಿನಲ್ಲೇ ಹೇಳೋಣವೆಂದು ನಿನ್ನೆಯಿಂದ ಮೂರು ಸಲ ಮಾಡಿದೆ. ಮೂರು ಸಲವೂ "ಊಟ ಆಯ್ತಾ" ಎಂದು ಕೇಳಿ ಇಟ್ಟುಬಿಟ್ಟೆ. ಇವತ್ತು ಬೆಳಿಗ್ಗೆ ನೀನು "ಒಂಬತ್ತು ಗಂಟೆಗೆ ಯಾವ ಊಟನೋ" ಎಂದೆ. ಆದ್ದರಿಂದ ಕಾಗದ. ತಿರುಗಿ ಬೈಯಲು ಬಾರದಿರುವುದು ಕಾಗದದ ದೊಡ್ಡ ಗುಣ.

ಅಕ್ಕ ನಿನ್ನ ಹೆಗಲ ಮೇಲಿಂದ ಇಣುಕಿ ಓದುತ್ತಿರುತ್ತಾಳೆ ಎಂದು ಗೊತ್ತು, ಅವಳಿಗೊಂದು ಮಾತು. ಅಕ್ಕಾ, ಶನಿವಾರ ನಿಮ್ಮೂರಿನ ಸಭಾಂಗಣದಲ್ಲಿ ಅಮ್ಮ ಆಡಲಿರುವುದು ಇಸ್ಪೀಟಲ್ಲ. ಒಂದೊಂದು ಕಾರ್ಡಿನಲ್ಲಿ ಒಂದೊಂದು ಪ್ರಾಣಿ, ಅದಕ್ಕೊಂದು ಶಕ್ತಿ. ಅಂಗಡಿಯಲ್ಲಿ ಕೊಂಡು, ಅವರಿವರ ಹತ್ತಿರ ಬದಲಾಯಿಸಿಕೊಂಡು, ಅರವತ್ತು ಕಾರ್ಡಿನ ಸ್ವಂತ ಕಟ್ಟು ಮಾಡಿ ಎದುರಾಳಿಯ ಕಟ್ಟಿನ ಮೇಲೆ ಬಿಡಬೇಕು. ಮಿಕ್ಕವರು ಸಿಂಹ, ಡ್ರ್ಯಾಗನ್ ಎಂದು ಮೆರೆಯುತ್ತಿದ್ದರೆ ನಮ್ಮ ತಾಯಿ ಕಟ್ಟಿದ್ದು ಗೂಬೆಗಳ ಕಟ್ಟು. ಮೂವತ್ತು ವರ್ಷ ಬಸ್ಸಿನಲ್ಲಿ ಕಂಡಕ್ಟರಾಗಿದ್ದವಳಿಗೆ, ಎಲ್ಲರೂ ತೂಕಡಿಸುವಾಗ ಕಣ್ಣು ಬಿಟ್ಟುಕೊಂಡಿರುವ ಪ್ರಾಣಿಯ ಮೇಲೆ ಗೌರವ ಹುಟ್ಟುವುದು ಸಹಜ.

ಆ ಕಟ್ಟನ್ನು ಸುಧಾರಿಸಲು ನಾವು ಪಟ್ಟ ಪಾಡು ನಿನಗೆ ನೆನಪಿದೆಯಲ್ಲ ಅಮ್ಮಾ. ಮೊದಲು ಗೂಬೆ ಮೂವತ್ತೆಂಟು, ಇಲಿ ಮೂರು. ಒಂದು ಇಲಿ ತಿಂದ ಮೇಲಷ್ಟೇ ಗೂಬೆ ಹಾರಬೇಕೆಂಬುದು ಆಟದ ನಿಯಮ. ನಿನ್ನ ಗೂಬೆಗಳು ಹಸಿದು ಸಾಲಾಗಿ ಕೂತಿರುತ್ತಿದ್ದವು, ನೀನು ಗಂಭೀರವಾಗಿ ಸೋಲುತ್ತಿದ್ದೆ. ಸ್ವಲ್ಪ ಗೂಬೆ ಇಳಿಸಮ್ಮಾ ಎಂದರೆ, "ಹತ್ತಿ ಕೂತವರನ್ನ ಸುಮ್ಮಸುಮ್ಮನೆ ಇಳಿಸೋಕಾಗಲ್ಲ ಕಣೋ" ಎಂದೆ. ಒಂದು ವಾರದ ಮಾತುಕತೆಯ ನಂತರ ಹದಿನಾರು ಗೂಬೆಗಳು ಇಳಿದವು, ಹನ್ನೆರಡು ಇಲಿಗಳು ಹತ್ತಿದವು, ಉಳಿದ ಜಾಗಕ್ಕೆ ನಾಲ್ಕು ಮುದಿಗೂಬೆಗಳು ಬಂದವು. ಇಲಿ ಕೇಳದೆ ತಾನೂ ಎದ್ದು ಪಕ್ಕದವರನ್ನೂ ಎಬ್ಬಿಸುವ ಮಹಾ ಕಾರ್ಡು ಅದು. ಅಲ್ಲಿಂದ ನೀನು ಗೆಲ್ಲತೊಡಗಿದೆ, ಊರಿನ ಸುತ್ತು ದಾಟಿ ಶನಿವಾರದ ಫೈನಲ್ಲಿಗೆ ಆಯ್ಕೆಯಾದೆ. ಇಲ್ಲಿಯವರೆಗೆ ಎಲ್ಲವೂ ಚಂದ.

ಆ ನಾಲ್ಕೂ ಯಾರದ್ದೋ ಕೈಯಲ್ಲಿ ಸವೆದು ಬಂದ ಕಾರ್ಡುಗಳು, ಅಂಚೆಲ್ಲ ನಾರು ನಾರು. ಇಪ್ಪತ್ತು ವರ್ಷದಿಂದ ಪುಸ್ತಕ ಕಟ್ಟುತ್ತಿರುವವನ ಮುಂದೆ ನಾರೆದ್ದ ಅಂಚು ಇಟ್ಟರೆ ಏನಾಗುತ್ತದೆ? ಊಟ ಬಿಟ್ಟೇನು, ಅಂಚು ಬಿಡಲಾರೆ. ಸುಧಾರಣೆಯಲ್ಲಿ ನನ್ನದೂ ಒಂದು ಸೇವೆ ಇರಲಿ ಎಂದು ನಿನಗೆ ಹೇಳದೆ ನಾಲ್ಕನ್ನೂ ಯಂತ್ರದ ಬಾಯಿಗಿಟ್ಟು ಕೂದಲೆಳೆಯಷ್ಟು ಕತ್ತರಿಸಿದೆ. ಬೆಣ್ಣೆಯಂಥ ಅಂಚು ಬಂತು. ನನ್ನ ಬೆನ್ನನ್ನು ನಾನೇ ತಟ್ಟಿಕೊಂಡೆ. ಪ್ಲಾಸ್ಟಿಕ್ ಕವರು ಹಾಕೋಣ ಎಂದಾಗ "ಕೈಗೆ ಕಾಗದ ಸಿಗಬೇಕು, ಬೇಡ" ಎಂದವಳು ನೀನೇ. ಒಂದು ತಿಂಗಳಿಂದ ದಿನವೂ ಅವನ್ನೇ ಕಲಸಿ ಆಡಿದ್ದೀಯ.

ನಿನ್ನೆ ಕಾರ್ಡಿನ ಅಂಗಡಿಯ ಚಷ್ಮಾ ಬಂದಿದ್ದರು. ಅದೇ, ಮೂಗಿನ ಮೇಲೊಂದು ಹಣೆಯ ಮೇಲೊಂದು ಕನ್ನಡಕ ಇಟ್ಟುಕೊಳ್ಳುವವರು. ಫೈನಲ್ಲಿಗೆಂದು ಅಚ್ಚಾದ ನಿಯಮದ ಪುಸ್ತಿಕೆಗಳನ್ನು ಹೊಲಿಯಲು ಕೊಟ್ಟರು. ಹೊಲಿಯುತ್ತಾ ಹದಿನೇಳನೇ ಪುಟಕ್ಕೆ ಬಂದೆ. ಅಂಚು ಕತ್ತರಿಸಿದ ಕಾರ್ಡು ಗುರುತು ಮಾಡಿದ ಕಾರ್ಡಿಗೆ ಸಮ, ಅದು ಮೋಸ, ಅಂಥವರನ್ನು ಶಾಶ್ವತವಾಗಿ ಹೊರಗಿಡಲಾಗುವುದು ಎಂದಿತ್ತು. ಸೂಜಿ ಪುಸ್ತಕ ಬಿಟ್ಟು ಹೆಬ್ಬೆರಳಿಗೆ ಹೋಯಿತು. ಚಷ್ಮಾ ಮಾತ್ರ ತಣ್ಣಗೆ, "ಅಲ್ಲಿ ಒಂದೊಂದು ಕಾರ್ಡನ್ನೂ ಅಳತೆಗೆ ಇಟ್ಟು ನೋಡ್ತಾರೆ ರೀ" ಎಂದರು. ಆಗಿನಿಂದ ಕಣ್ಣು ಮುಚ್ಚಿದರೆ ಒಂದೇ ದೃಶ್ಯ. ಟಿಕೆಟ್ ಇಲ್ಲವೆಂದು ಒಡಹುಟ್ಟಿದ ತಮ್ಮನನ್ನೇ, ನನ್ನ ಸೋದರಮಾವನನ್ನೇ, ನಡುದಾರಿಯಲ್ಲಿ ಇಳಿಸಿ ರೈಟ್ ಎಂದ ನಿನ್ನನ್ನು ತುಂಬಿದ ಸಭೆಯಲ್ಲಿ ಎಬ್ಬಿಸಿ ನಿಲ್ಲಿಸಿದ್ದಾರೆ, ನೀನು ಏನೆಂದು ತಿಳಿಯದೆ ಅತ್ತಿತ್ತ ನೋಡುತ್ತಿದ್ದೀಯ.

ಚಷ್ಮಾರನ್ನು ಕಾಡಿ ಬೇಡಿ ಅವರ ಗಾಜಿನ ಪೆಟ್ಟಿಗೆಯಿಂದ ನಾಲ್ಕು ಮುದಿಗೂಬೆ ತಂದಿದ್ದೇನೆ, ಇದರೊಂದಿಗೆ ಕೊರಿಯರ್‌ನಲ್ಲಿ ಬರುತ್ತಿವೆ. ನಾಳೆ ಸೇರುತ್ತವಂತೆ. ಇವನ್ನು ಕಟ್ಟಿಗೆ ಹಾಕು, ನಾನು ಕತ್ತರಿಸಿದವನ್ನು ಹರಿದು ಎಸೆ. ತಪ್ಪು ಪೂರ್ತಿ ನನ್ನದು. ಗೂಬೆ ಕೂರಿಸುವುದಿದ್ದರೆ ನನ್ನ ತಲೆಯ ಮೇಲೆ ಬೇಕಾದಷ್ಟು ಜಾಗವಿದೆ, ಕೂದಲೂ ಅಡ್ಡ ಬರುವುದಿಲ್ಲ.

ಅಕ್ಕ, ಭಾವನಿಗೆ ನನ್ನ ನಮಸ್ಕಾರ. ಮಕ್ಕಳಿಗೆ ಮುತ್ತು. ನಿನ್ನ ಕಾಲಿಗೆ ಬೀಳುತ್ತೇನೆ, ಈ ಸಲ ನಿಜವಾಗಿಯೂ.

ಬೈಸಿಕೊಳ್ಳಲು ತಯಾರಾಗಿ ಕೂತಿರುವ
ನಿನ್ನ ಮಗ

ಮರೆತ ಮಾತು: ಕವರು ಅಂಟಿಸುವ ಮೊದಲು ಒಂದು ಪರೀಕ್ಷೆ ಮಾಡಿದೆ. ನೀನು ಇಳಿಸಿಹೋದ ಹದಿನಾರು ಗೂಬೆಗಳಲ್ಲಿ ನಾಲ್ಕನ್ನು ಅಷ್ಟೇ ಕತ್ತರಿಸಿ, ಉಳಿದವುಗಳಲ್ಲಿ ಕಲಸಿ, ಕಣ್ಣು ಮುಚ್ಚಿ ಹೆಬ್ಬೆರಳು ಓಡಿಸಿದೆ. ಪ್ರತಿ ಸಲವೂ ನಾಲ್ಕೂ ಸಿಕ್ಕವು. ಅಂಟು ಮೆತ್ತಿ ಮೆತ್ತಿ ತೊಗಲು ದಪ್ಪಗಾದ ಬೆರಳು ನನ್ನದು. ನೀನು ತುಂಬಿದ ಬಸ್ಸಿನಲ್ಲಿ ತಲೆ ತಗ್ಗಿಸದೆಯೇ, ಎರಡು ಟಿಕೆಟ್ ಅಂಟಿಕೊಂಡಿದ್ದರೆ ಬೆರಳಲ್ಲೇ ಹಿಡಿಯುತ್ತಿದ್ದವಳು. ಗೊತ್ತಾಗಿಯೂ ಸುಮ್ಮನಿದ್ದೆ ಎಂದರೆ ನಾನು ನಂಬುವುದಿಲ್ಲ. ತಮ್ಮನನ್ನೇ ಬಿಡದವಳು ಗೂಬೆಯನ್ನು ಬಿಡುತ್ತಿದ್ದೆಯಾ? ಹಾಗಾದರೆ ನಿನ್ನ ಬೆರಳಿಗೆ ಗೊತ್ತಾಗಲೇ ಇಲ್ಲ. ಪಾತ್ರೆ ಸುಡುತ್ತಿದ್ದದ್ದೂ ಗೊತ್ತಾಗಲಿಲ್ಲ, ಅಲ್ಲವೇ ಅಮ್ಮಾ? ಹೋದ ತಿಂಗಳು ಎರಡು ಸಲ ಲೋಟ ಕೈಜಾರಿದಾಗ ನಾನು ನಕ್ಕಿದ್ದೆ. ಈಗಷ್ಟೇ ನಾಲ್ಕನೇ ಸಲ ಫೋನ್ ಮಾಡಿ ಮತ್ತೆ ಊಟದ ವಿಚಾರವನ್ನೇ ಕೇಳಿ ಇಟ್ಟೆ. ಶನಿವಾರದ ಆಟ ಆಮೇಲೆ ನೋಡೋಣ. ಈ ಕಾಗದ ಓದಿದ ಕೂಡಲೇ ಕಣ್ಣು ಮುಚ್ಚಿಕೊಂಡು ಕಟ್ಟಿನಿಂದ ಆ ನಾಲ್ಕನ್ನು ಆರಿಸಿ ತೆಗೆ, ಅಕ್ಕ ನೋಡುತ್ತಿರಲಿ. ಸಿಗದಿದ್ದರೆ ಅಕ್ಕಾ, ಉಟ್ಟ ಬಟ್ಟೆಯಲ್ಲೇ ಅಮ್ಮನನ್ನು ಡಾಕ್ಟರ ಹತ್ತಿರ ಕರೆದುಕೊಂಡು ಹೋಗು, ನಾನು ಸಿಕ್ಕ ಬಸ್ಸಿಗೆ ಹೊರಡುತ್ತೇನೆ. ಸಿಕ್ಕರೆ ಫೋನ್ ಮಾಡಿ ಬಾಯಿಗೆ ಬಂದಂತೆ ಬೈಯಮ್ಮಾ. ನಾಳೆ ಬೆಳಗಿನಿಂದ ಫೋನ್ ಕೈಯಲ್ಲೇ ಹಿಡಿದುಕೊಂಡಿರುತ್ತೇನೆ.