ಗಿಳಿ ಮಲಗಿದ ಮಧ್ಯಾಹ್ನ

ಬಾಗಲಕೋಟೆ, ೧೯೭೮

ನೀಲವ್ವ,

ಇದನ್ನು ನಿನಗೆ ತಲುಪಿಸುವ ದಾರಿಯಿಲ್ಲ, ಆದರೂ ಹೇಳಬೇಕು. ನಾನು ತಾಮ್ರ ಬಡಿಯಲು ಕೂತಾಗ ನೀನು ಗಿಳಿಯ ಪಂಜರವನ್ನು ಹಿತ್ತಲಿಗೆ ಒಯ್ಯುತ್ತಿದ್ದೆ. ನೀನು ತೀರಿಕೊಂಡ ಮೇಲೆ ಬೆಕ್ಕಿನ ಭಯಕ್ಕೆ ಅದು ನಾನು ಬಡಿಯುವ ಪಡಸಾಲೆಯಲ್ಲೇ ಉಳಿಯಿತು. ಎದೆಯ ಪುಕ್ಕಗಳನ್ನು ತಾನೇ ಕಿತ್ತುಕೊಳ್ಳತೊಡಗಿತು. ದನದ ದವಾಖಾನೆಗೆ ಒಯ್ದೆ.

"ರಾಚಪ್ಪ, ಇದಕ್ಕ ರೋಗ ಇಲ್ಲ. ನಿಮ್ಮ ಸುತ್ತಿಗಿ ಸಪ್ಪಳಕ್ಕ ಹೆದರೈತಿ," ಎಂದರು ಡಾಕ್ಟರು. "ಪಂಜರಕ್ಕ ಮೂರು ಕಡೆ ಅರಿವಿ ಕಟ್ರಿ. ಬಡಿಯೂ ಮೊದಲ ಮೆಲ್ಲಕ ಮಾತಾಡ್ಸ್ರಿ."

ನನ್ನ ಬಡಿತದಿಂದ ಬರುತ್ತಿದ್ದ ತಲೆನೋವಿಗೆ ನೀನು ಹಣೆಗೆ ಬಿಗಿದುಕೊಳ್ಳುತ್ತಿದ್ದ ಇಳಕಲ್ ಸೀರೆಯ ತುಂಡನ್ನೇ ಕಟ್ಟಿದೆ. ದಿನವೂ "ಈಗ ಬಡೀತೇನಿ, ಹೆದರಬ್ಯಾಡವಾ" ಎಂದು ಹೇಳಿ, ಮೊದಲು ಮರದ ಸುತ್ತಿಗೆಯಿಂದ ಮೆಲ್ಲಗೆ ಶುರುಮಾಡುತ್ತಿದ್ದೆ. ಎರಡು ತಿಂಗಳಿಗೆ ಆ ಬೋಳು ಎದೆಯಲ್ಲಿ ಅಕ್ಕಿಕಾಳಿನಷ್ಟು ಹಸಿರು ಮೂಡಿತು.

ಇವತ್ತು ಮಧ್ಯಾಹ್ನ ಪಂಜರದ ಬಾಗಿಲು ತೆರೆದೆ. ಗಿಳಿ ಹಾರಿಹೋಗಲಿಲ್ಲ. ನನ್ನ ತೊಡೆಯೇರಿ, ಕತ್ತು ಹಿಂದಕ್ಕೆ ತಿರುಗಿಸಿ, ಬೆನ್ನಿನ ಪುಕ್ಕದಲ್ಲಿ ಕೊಕ್ಕು ಹುದುಗಿಸಿ ನಿದ್ದೆಹೋಯಿತು. ಸುತ್ತಿಗೆ ಹಿಡಿಯುವ ಈ ಕೈಯ ಪಕ್ಕದಲ್ಲೇ, ನೀಲವ್ವ! ಉಸಿರನ್ನೂ ಮೆಲ್ಲಗೆ ಬಿಟ್ಟೆ.

ಅಷ್ಟರಲ್ಲಿ ಮೂಲೆಮನೆಯ ಹೊಳಬಸಪ್ಪ ಬಾಗಿಲಿಗೆ ಬಂದು, "ನನ್ನ ಕೊಡ ಆತೇನಪಾ?" ಎಂದ. ನಾನು ತುಟಿಯ ಮೇಲೆ ಬೆರಳಿಟ್ಟೆ. ಗಿಳಿಯನ್ನು ಕಂಡವನೇ ಚಪ್ಪಲಿ ಕಳಚಿ, ಗುಡಿಯೊಳಗೆ ನಿಂತವನಂತೆ ನಿಂತುಬಿಟ್ಟ. "ಅವಸರಿಲ್ಲ ತಗೋ," ಎಂದು ಪಿಸುಗುಟ್ಟಿ ಹೋದ.

ಬಿಸಿಲು ಇಳಿಯುವವರೆಗೆ ನಾನು ಕದಲಲಿಲ್ಲ. ಮದುವೆಯಾಗಿ ನೀನು ಈ ಮನೆಗೆ ಬಂದು ಇಪ್ಪತ್ತೆರಡು ವರ್ಷ. ಒಂದು ಜೀವದ ನಿದ್ದೆಗಾಗಿ ನಾನು ಸುತ್ತಿಗೆ ಕೆಳಗಿಟ್ಟದ್ದು ಇವತ್ತೇ ಮೊದಲು.