ಹತ್ತು ನಿಮಿಷಕ್ಕೆ ಹತ್ತು ನಿಮಿಷ

ಸೇತುವೆ ಠಾಣೆ
ಗುರುವಾರ, ಫೆಬ್ರವರಿ 9

ನನ್ನ ಪ್ರೀತಿಯ ಸೊಟ್ಟಮೂತಿಗೆ,

ಅಕ್ಕನ ಆಶೀರ್ವಾದಗಳು. ನಿನ್ನ ಎರಡೂ ಕಾಗದಗಳು ಮೇಜಿನ ಮೇಲೆ ಕೂತು ನನ್ನನ್ನೇ ದುರುಗುಟ್ಟಿ ನೋಡುತ್ತಿವೆ. ಒಂಬತ್ತು ದಿನ ಉತ್ತರ ಬರೆಯದೆ ಕೂತದ್ದಕ್ಕೆ ಬೈಯಬೇಕೆನಿಸಿದರೆ ಬೈದುಬಿಡು, ತಪ್ಪು ನನ್ನದೇ. ಅಮ್ಮ ಯಾಕೆ ಎರಡು ಸಾಲೂ ಬರೆದಿಲ್ಲ ಅಂತ ಎರಡು ಸಲ ಕೇಳಿದ್ದೀಯ. ಅದನ್ನು ಕೊನೆಗೆ ಬರೆಯುತ್ತೇನೆ. ಶನಿವಾರ ಇತ್ತ ಬರುತ್ತೇನೆ ಅಂದಿದ್ದೀಯಲ್ಲ, ದಮ್ಮಯ್ಯ, ಬರಬೇಡ. ಯಾಕೆ ಅಂತ ಹೇಳುತ್ತೇನೆ. ನಿನ್ನ ಹಳೇ ಚಾಳಿಯಂತೆ ಕೊನೆಯ ಪುಟಕ್ಕೆ ಹಾರದೆ ಓದು.

ಎರಡು ದೇಶಗಳ ನಡುವೆ ವೀಸಾ ತೆಗೆದುಹಾಕಿದಾಗ ನಾವೆಲ್ಲ ಎಷ್ಟು ಕುಣಿದಾಡಿದೆವು! ಪಾಸ್‌ಪೋರ್ಟ್ ತೋರಿಸು, ಮುದ್ರೆ ಹಾಕಿಸಿಕೋ, ಸೇತುವೆ ದಾಟು, ಮೂವತ್ತು ದಿನ ಇದ್ದು ಬಾ. ನೀನು ಮದುವೆಯಾಗಿ ಆ ದೇಶದವಳಾದ ಮೇಲೆ ಅಮ್ಮ ಮನಸಾರೆ ನಕ್ಕಿದ್ದು ಅವತ್ತೇ. ಆದರೆ ಒಪ್ಪಂದದ ಕೊನೆಯ ಕಲಮನ್ನು ನಮ್ಮಂಥ ಮುದ್ರೆ ಹಾಕುವವರನ್ನು ಬಿಟ್ಟರೆ ಯಾರೂ ಓದಿರಲಿಲ್ಲ. ಒಂದು ಕಡೆಯವರು ಬಂದವರನ್ನು ಹೇಗೆ ನಡೆಸಿಕೊಳ್ಳುತ್ತಾರೋ ಇನ್ನೊಂದು ಕಡೆಯವರೂ ಮರುದಿನ ಹಾಗೆಯೇ ನಡೆಸಿಕೊಳ್ಳಬೇಕು. ಅದಕ್ಕೆಂದೇ ದಿನಾ ಸಂಜೆ ಎರಡೂ ಠಾಣೆಯವರು ಸೇತುವೆಯ ನಡುವೆ ನಿಂತು ಆ ದಿನದ ರಿಜಿಸ್ಟರ್ ಹಾಳೆಯ ನಕಲನ್ನು ಅದಲುಬದಲು ಮಾಡಿಕೊಳ್ಳುತ್ತೇವೆ. ಮೊದಮೊದಲು ಅದೊಂದು ತಮಾಷೆಯಾಗಿತ್ತು. ಅವರು ಮುದುಕರಿಗೆ ಬೆಂಚು ಹಾಕಿದರು, ನಾವೂ ಹಾಕಿದೆವು. ನಾವು ಮಕ್ಕಳಿಗೆ ಬಿಸ್ಕತ್ತು ಕೊಟ್ಟೆವು, ಮರುದಿನ ಅವರೂ ಕೊಟ್ಟರು. "ಬೀಗರ ಉಪಚಾರ ಆಯ್ತಲ್ರೀ ಇದು" ಅಂತ ನಮ್ಮ ಸಾಹೇಬರು ನಗುತ್ತಿದ್ದರು.

ಕಳೆದ ಸಲ ನೀನು ಹೊರಟ ದಿನ ನೆನಪಿದೆಯಾ? ನಿನಗೆ ಹೆಣೆದ ಸ್ವೆಟರ್ ಹಿಡಿದುಕೊಂಡು ಅಮ್ಮ ಬಸ್ಸಿನಲ್ಲಿ ಬರುತ್ತಿದ್ದಳು. ನೀನೋ "ಹೊತ್ತಾಯ್ತು ಕಣೇ ಅಕ್ಕ" ಅಂತ ಚಡಪಡಿಸುತ್ತಿದ್ದೆ. "ಇನ್ನೊಂದು ಹತ್ತು ನಿಮಿಷ ಇರೇ, ಅಮ್ಮ ಬರ್ತಾಳೆ" ಅಂತ ನಿನ್ನ ಪಾಸ್‌ಪೋರ್ಟ್ ಕಿತ್ತುಕೊಂಡು ಹಿಂದಿನ ಕೋಣೆಯ ಕುರ್ಚಿಯಲ್ಲಿ ಕೂರಿಸಿದೆ. ಬಸ್ಸು ಬರಲಿಲ್ಲ, ನೀನು ಹೋದೆ. ನೀನು ಆ ತುದಿ ಮುಟ್ಟುವ ಹೊತ್ತಿಗೆ ಅಮ್ಮ ಏದುಸಿರು ಬಿಡುತ್ತ ಬಂದಳು. "ಇನ್ನೈದು ನಿಮಿಷ ಹಿಡಿದಿಟ್ಕೊಳ್ಳೋಕೆ ಆಗ್ಲಿಲ್ವೇನೇ ದುಂಡಿ?" ಅಂದಳು. ನಲವತ್ತೈದು ದಾಟಿದವಳನ್ನು ದುಂಡಿ ಅಂತ ಕರೆಯುವ ಧೈರ್ಯ ಅವಳೊಬ್ಬಳಿಗೇ. ಸದ್ಯ, ಠಾಣೆಯಲ್ಲಿ ಬೇರೆ ಯಾರ ಕಿವಿಗೂ ಅದು ಬೀಳಲಿಲ್ಲ.

ಅವತ್ತು ನಾನೊಂದು ಕೆಲಸ ಮಾಡಿದೆ. ಷರಾ ಬರೆಯುವ ಜಾಗ ಖಾಲಿ ಬಿಡಬಾರದೆನ್ನುವುದು ಇಪ್ಪತ್ತೆರಡು ವರ್ಷದ ಅಭ್ಯಾಸ. ಕೈ ತನ್ನ ಪಾಡಿಗೆ ತಾನು ನಿನ್ನ ಹೆಸರಿನ ಮುಂದೆ ಬರೆದುಬಿಟ್ಟಿತು: 'ಹತ್ತು ನಿಮಿಷ ಕೂರಿಸಲಾಯಿತು. ಕಾರಣವಿಲ್ಲ.' ಸಂಜೆ ಆ ಹಾಳೆ ಸೇತುವೆ ದಾಟಿತು.

ಮರುದಿನ ಅವರು ನಮ್ಮ ಹಾಲಿನವನನ್ನು ಕೂರಿಸಿದರು. ಕಾರಣವಿಲ್ಲ. ಅವರ ಗಡಿಯಾರಕ್ಕೂ ನಮ್ಮದಕ್ಕೂ ಹೊಂದಿಕೆಯಿಲ್ಲ. ಅವರ ಹತ್ತು ನಿಮಿಷ ನಮ್ಮ ಲೆಕ್ಕದಲ್ಲಿ ಹನ್ನೆರಡಾಯಿತು. ನಾವು ಅವರಲ್ಲೊಬ್ಬರನ್ನು ಹನ್ನೆರಡು ನಿಮಿಷ ಕೂರಿಸಿದೆವು, ಅವರು ಹದಿನೈದು. ಹೀಗೇ ಬೆಳೆಯಿತು. ವಾಪಸು ಬಂದ ಹಾಲಿನವನು ನಮ್ಮ ಹಿಂದಿನ ಕೋಣೆಗೆ ಇಣುಕಿ ಬಿಳಿಚಿಕೊಂಡ. "ಮೇಡಂ, ಅಲ್ಲೂ ಇದೇ ಕೋಣೆ. ಇದೇ ಕುಂಟು ಕುರ್ಚಿ. ಗೋಡೆ ಮೇಲೆ ಇದೇ ಬಿರುಕು." ಅವತ್ತೇ ಆ ಬಿರುಕಿಗೆ ಸಿಮೆಂಟು ಮೆತ್ತಿದೆ. ಸಂಜೆ ಬಂದ ಅವರ ಹಾಳೆಯಲ್ಲಿತ್ತು: 'ಬಿರುಕು ಮುಚ್ಚಲಾಯಿತು.' ನಾನು ಅದನ್ನು ಯಾರಿಗೂ ಹೇಳಿರಲಿಲ್ಲ, ರಿಜಿಸ್ಟರಿನಲ್ಲೂ ಬರೆದಿರಲಿಲ್ಲ.

ಒಂಬತ್ತು ದಿನದ ಹಿಂದೆ, ಮಂಗಳವಾರ, ಬಂದ ಹಾಳೆಯಲ್ಲಿ ನಮ್ಮ ಕಡೆಯವರೊಬ್ಬರ ಹೆಸರಿತ್ತು. ಕೂರಿಸಿದ ಹೊತ್ತು ಹನ್ನೊಂದೂ ಹತ್ತು. ಬಿಟ್ಟ ಹೊತ್ತಿನ ಜಾಗ ಖಾಲಿ. ಸಾಹೇಬರು ಅದನ್ನು ತಿರುಗಿಸಿ ಮುರುಗಿಸಿ ನೋಡಿದರು. "ನಾವೂ ಒಬ್ರನ್ನ ಕೂರಿಸೋಣ. ಅವರು ಬಿಡ್ಲಿ, ಆಮೇಲೆ ನಾವು ಬಿಡೋಣ" ಅಂದರು. ಬುಧವಾರ ಆ ಕಡೆಯಿಂದ ಮೊದಲು ಬಂದವರು ಒಬ್ಬರು ನಿವೃತ್ತ ಡ್ರಾಯಿಂಗ್ ಮೇಷ್ಟ್ರು, ಮೊಮ್ಮಗಳನ್ನು ನೋಡಲು ಹೊರಟವರು. ಹನ್ನೊಂದೂ ಹತ್ತಕ್ಕೆ ಅವರನ್ನು ಕೂರಿಸಿದ್ದು ನಾನೇ. ಬಿಟ್ಟ ಹೊತ್ತಿನ ಜಾಗ ಇವತ್ತಿಗೂ ಖಾಲಿ.

ಪಾಪ, ಮೇಷ್ಟ್ರು ಒಂದು ದಿನವೂ ಸಿಟ್ಟಾಗಲಿಲ್ಲ. ಅದೇ ನನಗೆ ಭಯ. ಮೂರನೆಯ ದಿನ ಎಡಮಂಡಿ ತಿಕ್ಕಿಕೊಳ್ಳುತ್ತಿದ್ದರು. ನೋವಾ ಅಂತ ಕೇಳಿದೆ. "ನನ್ನ ಮಂಡಿ ಗಟ್ಟಿಯಾಗಿದೆಯಮ್ಮ. ಇದು ಅಲ್ಲಿ ಕೂತಿರೋರ ನೋವು" ಅಂದರು. ಐದನೆಯ ದಿನ ಬರಿಗೈಯಲ್ಲಿ ಅವರ ಬೆರಳುಗಳು ಹೆಣೆಯುತ್ತಿದ್ದವು, ಎರಡು ಕುಣಿಕೆ ಹಾಕಿ ಒಂದು ಬಿಡುತ್ತಿದ್ದವು. ನಿನ್ನೆ ಊಟ ತೆಗೆದುಕೊಂಡು ಹೋದೆ. ನನಗೆ ಬೆನ್ನು ಮಾಡಿ ಕೂತಿದ್ದವರು ತಿರುಗದೆಯೇ ಹೇಳಿದರು: "ಬೆನ್ನು ನೆಟ್ಟಗೆ ಮಾಡ್ಕೊಂಡು ನಿಂತ್ಕೋ ದುಂಡಿ." ತಟ್ಟೆ ಕೈಜಾರಿ ಬಿತ್ತು. ಮೇಷ್ಟ್ರೂ ಬೆಚ್ಚಿಬಿದ್ದು ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡರು.

ಸಾಕು. ನಿನ್ನ ಯಜಮಾನರ ಕೆಮ್ಮು ಇಳಿಯಿತಾ? ಚಿಕ್ಕವನು ಇನ್ನೂ ಊಟದ ಹೊತ್ತಿಗೆ ಸರಿಯಾಗಿ ನಿದ್ದೆ ಬಂದವನ ಹಾಗೆ ನಾಟಕ ಆಡುತ್ತಾನಾ? ನಿಮ್ಮ ಮನೆಯಲ್ಲಿ ಎಲ್ಲರೂ ಸಂಜೆಗೆ ಸರಿಯಾಗಿ ಬಾಗಿಲೊಳಗೆ ಬರುವಂತಾಗಲಿ. ಈಗ ನನಗೆ ತೋಚುವ ಹಾರೈಕೆ ಇದೊಂದೇ.

ನಿನ್ನ ಅಕ್ಕ

ಮರೆತದ್ದಲ್ಲ, ಮುಂದೂಡಿದ್ದು: ಆ ಮಂಗಳವಾರದ ಹಾಳೆಯಲ್ಲಿದ್ದದ್ದು ಅಮ್ಮನ ಹೆಸರು. ಅವತ್ತು ಬೆಳಿಗ್ಗೆ ಸ್ವೆಟರ್ ಹಿಡಿದುಕೊಂಡು ನಿನ್ನ ಮನೆಗೆ ಹೊರಟಳು. "ಅವಳಿಗೆ ಹೇಳ್ಬೇಡ. ಬಾಗಿಲು ತೆಗೆದು ಬೆಕ್ಕಸಬೆರಗಾಗ್ಲಿ" ಅಂದಳು. ಮುದ್ರೆ ಹಾಕಿ ಕಳಿಸಿದವಳು ನಾನೇ. ಒಂದು ಮಾತಿಗಾದರೂ ನಾನು ತಡೆಯಲಿಲ್ಲ ಕಣೇ. ಸೇತುವೆಯ ನಡುವೆ ದಿನಾ ಗೋಗರೆದೆ. "ನೀವು ಬಿಡಿ, ನಾವೂ ಬಿಡ್ತೀವಿ" ಅನ್ನುತ್ತಾರೆ. ಈ ಕಾಗದ ಕೈಸೇರಿದ ಕೂಡಲೇ ನಿಮ್ಮ ಕಡೆಯ ಠಾಣೆಗೆ ಓಡು. ನೀನು ಅವರ ದೇಶದವಳು, ನಿನ್ನನ್ನು ಕೂರಿಸಲು ಅವರಿಗೆ ಯಾವ ಕಲಮೂ ಇಲ್ಲ. ಅಮ್ಮನಿಗೆ ನಿನ್ನ ಮುಖ ತೋರಿಸು, ಕೈಹಿಡಿದು ಎಬ್ಬಿಸು. ಯಾರು ಏನೇ ಹೇಳಲಿ, ಆ ಕುರ್ಚಿಯಲ್ಲಿ ಮಾತ್ರ ನೀನು ಕೂರಬೇಡ.

ನಾನು ಸುಮ್ಮನೆ ಕೈಕಟ್ಟಿ ಕೂತಿದ್ದೆ ಅಂತ ತಿಳಿಯಬೇಡ. ಇವತ್ತು ಬೆಳಿಗ್ಗೆ ಸಾಹೇಬರು ಬರುವ ಮೊದಲೇ ಕೋಣೆಯ ಬಾಗಿಲು ಹಾರುಹೊಡೆದು, "ಮೇಷ್ಟ್ರೇ, ಏಳಿ, ಹೊರಡಿ, ಏನಾದ್ರೂ ಆಗ್ಲಿ" ಅಂದೆ. ಅವರು ಏಳಲಿಲ್ಲ. ಎರಡೂ ಕೈಯಿಂದ ಕುರ್ಚಿಯನ್ನು ಬಿಗಿಯಾಗಿ ಹಿಡಿದುಕೊಂಡು ನನ್ನ ಮುಖ ನೋಡಿ ನಕ್ಕರು. "ಇನ್ನೊಂದು ಹತ್ತು ನಿಮಿಷ ಇರೇ ದುಂಡಿ, ಅವಳು ಬರ್ತಾಳೆ" ಅಂದರು.